ಎಕ್ಸೆಲ್ ಸಾಕ್ಷಿ ಹೇಳಿದ ರಾತ್ರಿ

2024ರ ಫೆಬ್ರವರಿ 28. ಪತ್ರಿಕೆಯ ಡೆಸ್ಕಿನಲ್ಲಿ ನನಗೆ ನೈಟ್ ಶಿಫ್ಟ್. ‘ಇತಿಹಾಸದಲ್ಲಿ ಈ ದಿನ’, ಅದರ ಕೆಳಗೊಂದು ಒಗಟು, ಪಕ್ಕದಲ್ಲಿ ಪದಬಂಧ. ಮೂರೂ ನನ್ನ ತಲೆಗೇ ಕಟ್ಟಿದ್ದರು. ಮೊದಲು ಇದಕ್ಕೆಂದೇ ಒಬ್ಬರಿದ್ದರು. ಅವರು ರಿಟೈರ್ ಆದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ‘ಎರಡು ನಿಮಿಷದ ಕೆಲಸ, ನೀವೇ ನೋಡ್ಕೊಳ್ಳಿ’ ಅಂದರು. ಸಂಬಳ ಮಾತ್ರ ಅಷ್ಟೇ ಇತ್ತು ಬಿಡಿ.

ಮರುದಿನ ಫೆಬ್ರವರಿ 29. ನಾಲ್ಕು ವರ್ಷಕ್ಕೊಮ್ಮೆ ಸಿಗುವ ದಿನ, ಸುಮ್ನೆ ಬಿಡೋಕಾಗುತ್ತಾ? ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಫೆಬ್ರವರಿ 29ರಂದು, ತೀರಿಕೊಂಡಿದ್ದು 1995ರ ಏಪ್ರಿಲ್ 10ರಂದು. ಒಗಟು ತಾನಾಗಿಯೇ ಸಿಕ್ಕಿತು: ಹುಟ್ಟಿದ ದಿನ ಬಿಟ್ಟು, ಅವರ ಬದುಕಿನಲ್ಲಿ ಫೆಬ್ರವರಿ 29 ಎಷ್ಟು ಸಲ ಬಂತು?

1995ರಲ್ಲಿ 1896 ಕಳೆದರೆ 99. ನಾಲ್ಕರಿಂದ ಭಾಗಿಸಿದರೆ 24, ಶೇಷ ಮೂರು. ‘ಉತ್ತರ: 24’ ಎಂದು ಬರೆದು ತಲೆಕೆಳಗು ಮಾಡಿ ಪುಟದ ತಳಕ್ಕೆ ಸೇರಿಸಿದೆ. ‘99 ವರ್ಷ ಬದುಕಿಯೂ 24 ತುಂಬಿದ ಪ್ರಧಾನಿ’ ಎಂಬ ಹೆಡ್ಡಿಂಗ್ ನೋಡಿ ನನಗೆ ನಾನೇ ಮೆಚ್ಚಿಕೊಂಡೆ. ಎಡವಟ್ಟು ಶುರುವಾಗಿದ್ದೇ ಅಲ್ಲಿ. ಆ ಸಾಲಿನ ಮೇಲೆ ಪ್ರೀತಿ ಹುಟ್ಟಿಬಿಟ್ಟಿತ್ತು.

ದೂರದ ಊರುಗಳಿಗೆ ಮೊದಲೇ ಹೋಗುವ ಡಾಕ್ ಎಡಿಷನ್‌ಗೆ ಹತ್ತು ನಿಮಿಷ ಇದೆ ಅನ್ನುವಾಗ ಪ್ರೂಫ್ ನೋಡುವ ಮೇಷ್ಟ್ರು ಪ್ರಿಂಟ್‌ಔಟ್ ಹಿಡಿದು ಬಂದರು. ಹಿಂದೆ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವರು. ಒಗಟಿನ ಪಕ್ಕ ಕೆಂಪು ಇಂಕಿನಲ್ಲಿ ಒಂದೇ ಗುರುತು: ‘1900?’

‘ಏನ್ ಸಾರ್ ಇದು?’

‘ಅದು ಅಧಿಕ ವರ್ಷ ಹೌದಾ, ಒಮ್ಮೆ ನೋಡಿ.’

‘ನಾಲ್ಕರಿಂದ ಭಾಗ ಹೋಗುತ್ತಲ್ಲ ಸಾರ್.’

ಅವರು ಸುಮ್ಮನೆ ನಿಂತರು. ಆ ಕಡೆ ಪುಟ ಜೋಡಿಸುವ ಪೇಜಿನೇಟರ್ ‘ಪೇಜ್ ಬಿಡ್ಲಾ, ಬಿಡ್ಲಾ’ ಅಂತ ಕೂಗುತ್ತಿದ್ದಾನೆ. ನನಗೆ ಮೇಷ್ಟ್ರ ಮೇಲೆ ಸಿಟ್ಟು ಬಂತು. ಇಂಥ ಫಿಲ್ಲರ್‌ಗೂ ತಕರಾರಾ ಅಂತ. ತೋರಿಸಿಯೇ ಬಿಡೋಣ ಎಂದು ಎಕ್ಸೆಲ್ ತೆರೆದು 29/2/1900 ಎಂದು ಹೊಡೆದೆ. ಇಲ್ಲದ ತಾರೀಕು ಕೊಟ್ಟರೆ ಎಕ್ಸೆಲ್ ಅದನ್ನು ಬರೀ ಅಕ್ಷರ ಎಂದುಕೊಂಡು ಎಡಕ್ಕೆ ತಳ್ಳುತ್ತದೆ. ಇದು ಬಲಕ್ಕೆ ಹೋಗಿ ಅಂಟಿಕೊಂಡಿತು. ಅಂದರೆ ತಾರೀಕು ಸರಿ!

‘ನೋಡಿ ಸಾರ್, ಎಕ್ಸೆಲ್ಲೇ ಒಪ್ಪಿಕೊಂಡಿದೆ.’

ಮೇಷ್ಟ್ರು ಕನ್ನಡಕ ಮೇಲೇರಿಸಿ ಸ್ಕ್ರೀನ್ ನೋಡಿದರು. ‘ಕಂಪ್ಯೂಟರೇ ಒಪ್ಪಿದೆ ಅಂದ್ರೆ ಸರಿ ಬಿಡಿ’ ಅಂದರು. ಆ ದನಿ ಈಗಲೂ ಕಿವಿಯಲ್ಲಿದೆ. ನಾನು ಪೇಜ್ ಬಿಡಿಸಿದೆ.

ಸಿಟಿ ಎಡಿಷನ್‌ಗೆ ಇನ್ನೂ ಟೈಮ್ ಇತ್ತು. ಟೀ ಕುಡಿಯುವಾಗ ಯಾಕೋ ಸಮಾಧಾನವಿಲ್ಲ. ಫೋನಿನಲ್ಲಿ ಹುಡುಕಿದೆ. ನೂರರಿಂದ ಭಾಗ ಹೋಗುವ ವರ್ಷ ನಾನೂರರಿಂದಲೂ ಭಾಗ ಹೋಗಬೇಕು, ಆಗ ಮಾತ್ರ ಅಧಿಕ ವರ್ಷ. 1900 ಹೋಗುವುದಿಲ್ಲ. ನಮ್ಮ ಕಾಲಕ್ಕೆ ಬಂದ 2000 ಹೋಗುತ್ತದೆ. ಅದಕ್ಕೇ ಈ ತೊಡಕು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. 1904ರಿಂದ 1992ರವರೆಗೆ ಬೆರಳು ಮಡಚಿ ಎಣಿಸಿದೆ. ಇಪ್ಪತ್ಮೂರು. ಟೀ ಗಂಟಲಲ್ಲೇ ನಿಂತಿತು.

ಹಾಗಾದರೆ ಎಕ್ಸೆಲ್ ಯಾಕೆ ಒಪ್ಪಿತು? ಅದು ಇನ್ನೊಂದು ಕಥೆ. ಹಳೆಯ ಲೋಟಸ್ 1-2-3 ಎಂಬ ತಂತ್ರಾಂಶ 1900ನ್ನು ಅಧಿಕ ವರ್ಷ ಎಂದೇ ಎಣಿಸುತ್ತಿತ್ತು. ಅದರ ಫೈಲುಗಳು ಹೊಂದಿಕೊಳ್ಳಲಿ ಅಂತ ಎಕ್ಸೆಲ್‌ನವರು ಆ ತಪ್ಪನ್ನು ಬೇಕಂತಲೇ ಇಟ್ಟುಕೊಂಡರು. ಇವತ್ತಿಗೂ ತೆಗೆದಿಲ್ಲ. ಜಗತ್ತಿನ ಅಷ್ಟೂ ತಾರೀಕುಗಳಲ್ಲಿ ಅದು ಸುಳ್ಳು ಹೇಳುವ ತಾರೀಕನ್ನೇ ನಾನು ಸಾಕ್ಷಿಗೆ ಕರೆದಿದ್ದೆ!

ಓಡಿದೆ. ‘ಅಚ್ಚಿನ ಪ್ಲೇಟ್ ಆಗೋಯ್ತು’ ಅಂದ ಪೇಜಿನೇಟರ್. ಒಳಪುಟ ಬೇಗ ಮುಗಿಸಬೇಕು ಅಂತ ಹೊಸ ರೂಲ್ಸ್ ಬಂದಿತ್ತಲ್ಲ, ಸಿಟಿಗೂ ಡಾಕ್‌ನದ್ದೇ ಪುಟವಂತೆ. ನ್ಯೂಸ್ ಎಡಿಟರ್ ಹತ್ತಿರ ಹೋದರೆ, ‘ಒಂದು ಒಗಟಿಗೆ ಇನ್ನೊಂದು ಪ್ಲೇಟ್ ಹೊಡೆಸ್ಬೇಕಾ? ಯಾರ್ರೀ ಎಣಿಸ್ತಾರೆ?’ ಅಂದರು.

ಎಣಿಸಿದರು. ಬೆಳಿಗ್ಗೆಯಿಂದ ಫೋನೋ ಫೋನು. ಮುಖಪುಟದಲ್ಲಿ ಮಂತ್ರಿಯ ಖಾತೆಯನ್ನೇ ತಪ್ಪಾಗಿ ಹಾಕಿದಾಗಲೂ ಅಷ್ಟು ಬಂದಿರಲಿಲ್ಲ. ಒಬ್ಬ ಟೀಚರ್ ಕ್ಲಾಸಿನಲ್ಲಿ ಮಕ್ಕಳಿಂದ ಲೆಕ್ಕ ಮಾಡಿಸಿದ್ದರಂತೆ. ‘ಮಕ್ಕಳದು ಸರಿ, ನಿಮ್ಮದು ತಪ್ಪು ಅಂತ ಹೇಳ್ಬಿಟ್ಟೆ, ಬೇಜಾರಿಲ್ಲ ತಾನೇ?’ ಅಂದರು. ಎರಡು ದಿನ ಬಿಟ್ಟು ಎರಡು ಸಾಲಿನ ತಿದ್ದುಪಡಿ ಬಂತು. ಅದಕ್ಕೂ ನಾನು ಗೋಗರೆಯಬೇಕಾಯಿತು. ಈಗ ಮೇಷ್ಟ್ರ ಕೆಂಪು ಗುರುತು ಇದ್ದರೆ ನಾನು ಪೇಜ್ ಬಿಡುವುದಿಲ್ಲ, ಡಾಕ್ ಲೇಟಾದರೂ ಸರಿ. ಎರಡು ಸಲ ಬೈಸಿಕೊಂಡೂ ಆಗಿದೆ.

29ರ ರಾತ್ರಿ ಅವರಿಗೆ ಮುಖ ತೋರಿಸಲು ನಾಚಿಕೆ. ಅವರೇ ನನ್ನ ಟೇಬಲ್ ಹತ್ತಿರ ಬಂದರು.

‘ಇನ್ನೊಂದು ಒಗಟು. ಮೊರಾರ್ಜಿ ಪ್ರಧಾನಿಯಾಗಿದ್ದಾಗ ಎಷ್ಟು ಫೆಬ್ರವರಿ 29 ಬಂತು?’

1977ರ ಮಾರ್ಚ್‌ನಿಂದ 1979ರ ಜುಲೈ. ಬೆರಳು ಮಡಚಿದೆ. ‘ಒಂದೂ ಇಲ್ಲ ಸಾರ್.’

‘ಎಕ್ಸೆಲ್ ಕೇಳಲ್ವಾ?’ ಅಂದು ಪ್ರೂಫ್ ಕಟ್ಟು ನನ್ನ ಮುಂದಿಟ್ಟು ಹೋದರು.