ದೋಣಿ ಮೋಟರ್ ಬ್ಯಾಟರಿ ಚಾರ್ಜ್ ಮಾಡ್ತಿಲ್ಲ ಅಂದ್ರೆ ಮೊದಲು ಮೀಟರ್ ಹಿಡೀರಿ

ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟರೆ ನರಗುಂದ ತಾಲೂಕಿನ ಕೊಣ್ಣೂರು, ಲಖಮಾಪುರದ ಕಡೆ, ತುಂಗಭದ್ರೆ-ವರದೆ ಉಕ್ಕಿದರೆ ಹಾವೇರಿ ಕಡೆ ದೋಣಿ ಬೇಕಾಗುತ್ತದೆ. ಉಳಿದ ದಿನ ದೋಣಿಯ ಹಿಂಬದಿಗೆ ತಗಲಿಸುವ ಔಟ್‌ಬೋರ್ಡ್ ಮೋಟರ್ ಸ್ಟ್ಯಾಂಡಿನ ಮೇಲೆ, ಬ್ಯಾಟರಿ ಮೂಲೆಯಲ್ಲಿ. ಹೊಳಿ ಬಂದ ದಿನ ಕೀಲಿ ತಿರುವಿದರೆ ಸೆಲ್ಫ್ ‘ಟಕ್’ ಅಂದು ಸುಮ್ಮನಾಗುತ್ತದೆ. ಹೊಸ ಬ್ಯಾಟರಿ ಹಾಕುತ್ತಾರೆ, ಎರಡು ದಿನಕ್ಕೆ ಅದೂ ಇಳಿಯುತ್ತದೆ. ಆಮೇಲೆ ‘ರೆಕ್ಟಿಫೈಯರ್ ಹೋಗೇದ’ ಎಂದು ದುಬಾರಿ ಭಾಗ ತರಿಸುತ್ತಾರೆ, ಅದೂ ಸುಡುತ್ತದೆ. ಜನರನ್ನು ದಾಟಿಸಬೇಕಾದ ದೋಣಿ ದಂಡೆಗೇ ನಿಲ್ಲುತ್ತದೆ. ಸಾಧಾರಣ ಮಲ್ಟಿಮೀಟರ್ ಒಂದು, ಅರ್ಧ ಗಂಟೆ ತಾಳ್ಮೆ ಇದ್ದರೆ ಇಷ್ಟೆಲ್ಲ ಆಗುವುದಿಲ್ಲ.

ಬೈಕ್ ರಿಪೇರಿ ಮಾಡುವವರಿಗೆ ಇದರ ಒಳಗಿನ ಕೆಲಸ ಹೊಸದಲ್ಲ. ಫ್ಲೈವೀಲಿನ ಒಳಬದಿಗೆ ಅಂಟಿಸಿದ ಆಯಸ್ಕಾಂತಗಳು ಸ್ಟೇಟರ್ ಎಂಬ ಅಲುಗದ ತಂತಿ ಕಾಯಿಲಿನ ಸುತ್ತ ತಿರುಗುತ್ತವೆ. ಅಲ್ಲಿ ಹುಟ್ಟುವುದು ಎಸಿ ಕರೆಂಟು. ಅದನ್ನು ರೆಕ್ಟಿಫೈಯರ್ ಬ್ಯಾಟರಿಗೆ ಬೇಕಾದ ಡಿಸಿ ಮಾಡುತ್ತದೆ, ರೆಗ್ಯುಲೇಟರ್ ವೋಲ್ಟೇಜನ್ನು ಹದದಲ್ಲಿ ಇಡುತ್ತದೆ. ಹೆಚ್ಚಿನ ಮೋಟರುಗಳಲ್ಲಿ ಇವೆರಡೂ ಒಂದೇ ಅಲ್ಯುಮಿನಿಯಂ ಡಬ್ಬಿಯಲ್ಲಿರುತ್ತವೆ. ಅಲ್ಲಿಂದ ಫ್ಯೂಸ್ ದಾಟಿ ಬ್ಯಾಟರಿಗೆ. ಹಗ್ಗ ಎಳೆದು ಚಾಲೂ ಮಾಡುವ ಎಷ್ಟೋ ಸಣ್ಣ ಮೋಟರುಗಳಿಗೆ ಚಾರ್ಜಿಂಗ್ ವ್ಯವಸ್ಥೆಯೇ ಇರುವುದಿಲ್ಲ. ಇಲ್ಲದ್ದನ್ನು ಹುಡುಕುತ್ತ ಕೂಡಬೇಡಿ.

ಚಾಲೂ ಮಾಡುವ ಮುಂಚೆ ಒಂದು ಮಾತು. ನೀರಿಲ್ಲದೆ ಈ ಮೋಟರ್ ಓಡಿಸಬಾರದು. ಒಣಗಿ ತಿರುಗಿದರೆ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಸ್ವಲ್ಪ ಹೊತ್ತಿಗೇ ಸುಡುತ್ತದೆ. 200 ಲೀಟರಿನ ಡ್ರಮ್ಮಿನ ಬಾಯಿ ಕತ್ತರಿಸಿ, ನೀರು ತುಂಬಿ, ನೀರೆಳೆಯುವ ಜಾಲರಿ ಪೂರ್ತಿ ಮುಳುಗುವಂತೆ ಇಳಿಸಿ. ಪ್ರೊಪೆಲ್ಲರ್ ಬಿಚ್ಚಿಡಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಹಿಂದಿನ ತೂತಿನಿಂದ ನೀರಿನ ಧಾರೆ ಬರುತ್ತಿರಬೇಕು. ಮೇಲಿನ ಮುಚ್ಚಳ ತೆಗೆದಾಗ ತಿರುಗುವ ಫ್ಲೈವೀಲಿಗೆ ಮರೆ ಇರುವುದಿಲ್ಲ, ಹೆಗಲ ಮೇಲಿನ ಟವೆಲ್ ತೆಗೆದಿಡಿ.

ಮೊದಲ ಅಳತೆ ಬ್ಯಾಟರಿಯದು, ಮೋಟರ್ ನಿಲ್ಲಿಸಿ ಕೆಲವು ತಾಸು ಆದ ಮೇಲೆ. 12.6 ವೋಲ್ಟ್ ಅಥವಾ ಮೇಲಿದ್ದರೆ ತುಂಬಿದೆ. 12.2 ಇದ್ದರೆ ಹೆಚ್ಚುಕಡಿಮೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಹೊರಗಿನ ಚಾರ್ಜರಿನಿಂದ ತುಂಬಿಸಿಯೇ ಮುಂದಿನ ಪರೀಕ್ಷೆ. ಖಾಲಿ ಬ್ಯಾಟರಿ ಇಟ್ಟುಕೊಂಡು ತೆಗೆದ ಅಳತೆ ದಾರಿ ತಪ್ಪಿಸುತ್ತದೆ. ತುಂಬಿದ ಬ್ಯಾಟರಿ ಸೆಲ್ಫ್ ಹೊಡೆದಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲೇ ಸಂಶಯ ಪಡಬೇಕು.

ಇನ್ನು ಟರ್ಮಿನಲ್. ಹೆಚ್ಚಿನ ತಕರಾರು ಇಲ್ಲೇ ಇರುತ್ತದೆ, ಇದನ್ನೇ ಎಲ್ಲರೂ ಹಾರಿಸಿ ಮುಂದೆ ಹೋಗುತ್ತಾರೆ. ದೋಣಿಯ ಬ್ಯಾಟರಿಗೆ ಕಿವಿಯಿರುವ ವಿಂಗ್ ನಟ್ ಹಾಕಿದ್ದರೆ ಇವತ್ತೇ ತೆಗೆಯಿರಿ. ಕೈಯಿಂದ ಬಿಗಿ ಮಾಡಿದ್ದು ಅದುರಿಗೆ ಸಡಿಲಾಗುತ್ತದೆ. ನೈಲಾನ್ ಲಾಕಿನ ಷಟ್ಕೋನ ನಟ್ ಹಾಕಿ ಪಾನಾದಿಂದ ಬಿಗಿಯಿರಿ. ಲಗ್ (ವೈರಿನ ತುದಿಯ ಲೋಹದ ಉಂಗುರ) ಬಿಚ್ಚಿ ನೋಡಿ: ಮಲಪ್ರಭೆಯ ಪ್ರವಾಹದ ನೀರು ಎರೆಮಣ್ಣನ್ನು ಹೊತ್ತು ಬರುತ್ತದೆ, ಅದು ಲಗ್ಗಿನ ಕೆಳಗೆ ಒಣಗಿ ಕರಿ ಪದರವಾಗಿ ಕೂತಿರುತ್ತದೆ. ಮೇಲಿಂದ ಕಾಣುವುದೇ ಇಲ್ಲ. ಪಾಲಿಶ್ ಕಾಗದದಿಂದ ಎರಡೂ ಮುಖ ಹೊಳೆಯುವಂತೆ ತಿಕ್ಕಿ, ಬಿಗಿ ಮಾಡಿದ ನಂತರ ಮೇಲೆ ಗ್ರೀಸ್ ಸವರಿ.

ಈಗ ಚಾಲೂ ಮಾಡಿ ಬ್ಯಾಟರಿಯ ಮೇಲೇ ಅಳೆಯಿರಿ. ನಿಧಾನದ ಓಟದಲ್ಲಿ ವೋಲ್ಟೇಜ್ ಅಷ್ಟೇನು ಏರದಿರಬಹುದು. ವೇಗ ಸುಮಾರು 2500 ಆರ್‌ಪಿಎಂಗೆ ತಂದಾಗ 13.8ರಿಂದ 14.5ರ ನಡುವೆ ಬಂದರೆ ಚಾರ್ಜಿಂಗ್ ಸರಿ ಇದೆ. ಮೊದಲಿದ್ದ 12.5ರಲ್ಲೇ ನಿಂತರೆ ಕರೆಂಟು ಬರುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೈಬಿಟ್ಟಿದೆ, ತಕ್ಷಣ ನಿಲ್ಲಿಸಿ. ಅನೇಕ ಮೋಟರುಗಳಲ್ಲಿ ಎಂಜಿನ್ ವೇಗ ತೋರಿಸುವ ಟ್ಯಾಕೋಮೀಟರ್‌ಗೂ ಸಂಕೇತ ಚಾರ್ಜಿಂಗ್ ಸರ್ಕಿಟ್ಟಿನಿಂದಲೇ ಹೋಗುತ್ತದೆ. ಅದರ ಮುಳ್ಳು ಸತ್ತಿದ್ದರೆ, ಚಾರ್ಜೂ ಇಲ್ಲದಿದ್ದರೆ ಎರಡಕ್ಕೂ ಕಾರಣ ಒಂದೇ ಇರಬಹುದು.

ಕರೆಂಟು ಬರುತ್ತಿಲ್ಲವೆಂದರೆ ಫ್ಯೂಸ್ ನೋಡಿ. ಕಣ್ಣಿಂದಲ್ಲ, ಮೀಟರಿನಿಂದ, ಕೂದಲೆಳೆಯಷ್ಟು ಬಿರುಕು ಕಣ್ಣಿಗೆ ಬೀಳುವುದಿಲ್ಲ. ಆಮೇಲೆ ಮೋಟರ್ ಓಡುತ್ತಿರುವಾಗ ಮೀಟರಿನ ಒಂದು ವೈರಿನ ಮುಳ್ಳು (ಪ್ರೋಬ್) ರೆಕ್ಟಿಫೈಯರಿನ ಕೆಂಪು ವೈರಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್‌ಗೆ. ಇಲ್ಲಿ 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ವೋಲ್ಟೇಜ್ ನಡುದಾರಿಯಲ್ಲೇ ಬಿಸಿಯಾಗಿ ಪೋಲಾಗುತ್ತಿದೆ. ಹಾಗೆಯೇ ರೆಕ್ಟಿಫೈಯರ್ ಡಬ್ಬಿಯ ಮೈಯಿಂದ ಬ್ಯಾಟರಿಯ ಮೈನಸ್‌ಗೆ 0.2 ಮೀರಬಾರದು. ಡಬ್ಬಿಯ ಅರ್ಥ್ ಅದರ ಬೋಲ್ಟಿನ ಮೂಲಕವೇ ಹೋಗುವ ಮೋಟರುಗಳಲ್ಲಿ, ಆ ಬೋಲ್ಟಿನ ಕೆಳಗಿನ ಬಣ್ಣ ಮತ್ತು ಕೆಸರು ಕೆರೆದರೆ ಅಷ್ಟಕ್ಕೇ ಕೆಲಸ ಮುಗಿಯುವುದುಂಟು.

ದಾರಿ ಸರಿಯಿದ್ದರೆ ಮೋಟರ್ ನಿಲ್ಲಿಸಿ ಸ್ಟೇಟರಿನ ವೈರುಗಳನ್ನು ಕಳಚಿ, ಸಾಮಾನ್ಯವಾಗಿ ಹಳದಿ ಬಣ್ಣದವು. ಮೀಟರ್ ಓಮ್ಸ್‌ಗೆ ಇಡಿ. ವೈರಿಂದ ವೈರಿಗೆ ಬಹಳ ಕಡಿಮೆ, ಹೆಚ್ಚಾಗಿ 2 ಓಮ್‌ನ ಒಳಗೆ ಬರುತ್ತದೆ. ನಿಮ್ಮ ಮಾದರಿಯ ಸರ್ವಿಸ್ ಪುಸ್ತಕದ ಅಂಕಿಯೇ ಕೊನೆಯ ಮಾತು. ಮೀಟರಿನ ಎರಡು ಮುಳ್ಳು ಕೂಡಿಸಿದಾಗ ಬರುವ ಅಂಕಿಯನ್ನು ಕಳೆಯಲು ಮರೆಯಬೇಡಿ. ಯಾವ ವೈರಿಂದಲೂ ಎಂಜಿನ್ನಿನ ಮೈಗೆ ಸಂಪರ್ಕ ಇರಬಾರದು. ಇದ್ದರೆ ಕಾಯಿಲ್ ಅರ್ಥ್ ಆಗಿದೆ. ಮೂರು ವೈರಿದ್ದರೆ ಮೂರು ಜೋಡಿಯೂ ಸಮ ಇರಬೇಕು. ನಂತರ ವೈರು ಕಳಚಿಯೇ ಇಟ್ಟು ಮೋಟರ್ ಓಡಿಸಿ ಎಸಿ ವೋಲ್ಟೇಜ್ ಅಳೆಯಿರಿ: ವೇಗ ಏರಿದಂತೆ ವೋಲ್ಟೇಜೂ ಏರಬೇಕು. ಹೊರೆಯಿಲ್ಲದೆ ಅದು 50 ದಾಟಬಹುದು, ಒದ್ದೆ ಕೈಯಿಂದ ಮುಟ್ಟಬೇಡಿ. ಸ್ಟೇಟರ್ ಸರಿಯಿದ್ದು, ಫ್ಯೂಸ್, ವೈರು, ಅರ್ಥ್ ಎಲ್ಲ ಸರಿಯಿದ್ದಾಗ ಮಾತ್ರ ರೆಕ್ಟಿಫೈಯರ್-ರೆಗ್ಯುಲೇಟರ್ ದೋಷಿ.

ಸುಟ್ಟ ಸ್ಟೇಟರನ್ನು ನೋಡಿದರೇ ತಿಳಿಯುತ್ತದೆ: ಮೇಲಿನ ರಾಳ ಕರಗಿ ಕಂದು ಹನಿಗಳಾಗಿ ಕೆಳಗೆ ಬಿದ್ದಿರುತ್ತದೆ. ಹುಬ್ಬಳ್ಳಿಯಲ್ಲಾಗಲಿ ಗದಗಿನಲ್ಲಾಗಲಿ ಪಂಪ್‌ಸೆಟ್ ರಿವೈಂಡಿಂಗ್ ಮಾಡುವವರು ಸಿಗುತ್ತಾರೆ. ಅದೇ ಗೇಜಿನ ವೈರು, ಅಷ್ಟೇ ಸುತ್ತು, ಸುತ್ತುವ ದಿಕ್ಕು ಅದೇ, ಮೇಲೆ ವಾರ್ನಿಶ್ ಹಾಕಿ ಚೆನ್ನಾಗಿ ಒಣಗಿಸುವುದು ಇಷ್ಟನ್ನು ಒಪ್ಪಿದರೆ ಕೊಡಿ. ಫ್ಲೈವೀಲ್ ತೆಗೆಯಲು ಪುಲ್ಲರ್ ಬೇಕೇ ಬೇಕು. ಸುತ್ತಿಗೆ ಏಟಿಗೆ ಆಯಸ್ಕಾಂತದ ಅಂಟು ಬಿಡುತ್ತದೆ, ಬಿಟ್ಟ ಆಯಸ್ಕಾಂತ ಹೊಸ ಕಾಯಿಲನ್ನು ಕೆರೆದು ಹಾಳುಮಾಡುತ್ತದೆ.

ಹೊಸ ರೆಕ್ಟಿಫೈಯರ್ ಮತ್ತೆ ಸುಡುವುದಕ್ಕೂ ಕಾರಣಗಳಿವೆ. ಪ್ಲಸ್-ಮೈನಸ್ ಒಂದು ಕ್ಷಣ ಅದಲುಬದಲಾದರೂ ಅದರೊಳಗಿನ ಡಯೋಡ್ ಹೋಗುತ್ತದೆ. ಮೋಟರ್ ಓಡುವಾಗ ಬ್ಯಾಟರಿ ವೈರು ತೆಗೆದರೆ, ಅಥವಾ ಸಡಿಲ ಲಗ್ಗಿನಿಂದ ಅದು ತಾನೇ ಬಿಟ್ಟು ಬಿಟ್ಟು ಹತ್ತಿದರೆ, ವೋಲ್ಟೇಜ್ ಜಿಗಿದು ರೆಗ್ಯುಲೇಟರನ್ನು ಕೊಲ್ಲುತ್ತದೆ. ಹಾಗಾಗಿಯೇ ಟರ್ಮಿನಲ್ ಬಗ್ಗೆ ಅಷ್ಟು ಹೇಳಿದ್ದು.

ಎಲ್ಲ ಅಳತೆ ಸರಿಯಿದ್ದೂ ಬ್ಯಾಟರಿ ಇಳಿದರೆ ಲೆಕ್ಕ ಹಾಕಿ. ಸೆಲ್ಫ್ 150 ಆಂಪಿಯರ್‌ನಂತೆ 5 ಸೆಕೆಂಡ್ ಎಳೆದರೂ ಖರ್ಚು 0.2 ಆಂಪಿಯರ್-ಅವರ್ ಅಷ್ಟೇ. 4 ಆಂಪಿಯರ್ ಚಾರ್ಜಾದರೆ ಮೂರು ಚಿಲ್ಲರೆ ನಿಮಿಷದಲ್ಲಿ ತುಂಬುತ್ತದೆ. ಆದರೆ 55 ವಾಟಿನ ಸರ್ಚ್‌ಲೈಟ್ ಒಂದೇ ನಾಲ್ಕೂವರೆ ಆಂಪಿಯರ್ ತಿನ್ನುತ್ತದೆ, ನೀರು ಹೊರಹಾಕುವ ಪಂಪ್ ಬೇರೆ. ರಾತ್ರಿ ಮನೆ ಮನೆ ಮುಂದೆ ನಿಧಾನಕ್ಕೆ ಹೋಗುವಾಗ ಸಣ್ಣ ಮೋಟರಿನ ಚಾರ್ಜ್ ಇದಕ್ಕೆ ಸಾಲುವುದಿಲ್ಲ. ದೀಪಕ್ಕೆ, ಪಂಪಿಗೆ ಬೇರೆ ಬ್ಯಾಟರಿ ಇಡಿ, ಸೆಲ್ಫಿನ ಬ್ಯಾಟರಿ ಮುಟ್ಟಬೇಡಿ.

ನೀರಿಳಿದ ಮೇಲೆ ಮೈನಸ್ ಕಳಚಿಡಿ, ತಿಂಗಳಿಗೊಮ್ಮೆ ಬ್ಯಾಟರಿ ತುಂಬಿಸಿ, ಮುಚ್ಚಳವಿರುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ. ಮೇ ಕೊನೆಯ ವಾರ ಡ್ರಮ್ಮಿನಲ್ಲಿ ಓಡಿಸಿ, ಬಂದ ವೋಲ್ಟೇಜನ್ನು ತಾರೀಖಿನ ಜೊತೆ ಮೋಟರ್ ಮುಚ್ಚಳದ ಒಳಬದಿಗೆ ಮಾರ್ಕರಿನಿಂದ ಬರೆದಿಡಿ.