ಎಫ್‌ಸಿ-150: ಕುಣಿಯುತ್ತಿದ್ದ ಟೈಮಿಂಗ್ ಕೊನೆಗೂ ನಿಂತಿತು

ಕಳ್ಳ ಸಿಕ್ಕಿಬಿದ್ದ! ಡಿಸ್ಟ್ರಿಬ್ಯೂಟರ್ (ಸಿಲಿಂಡರುಗಳಿಗೆ ಸರದಿಯಂತೆ ಸ್ಪಾರ್ಕ್ ಹಂಚುವ ಭಾಗ) ಶಾಫ್ಟಿನ ಬುಶ್, ಅಂದರೆ ಶಾಫ್ಟ್ ಒಳಗೆ ತಿರುಗುವ ಲೋಹದ ಕೊಳವೆ. ಇಷ್ಟು ದಿನ ಗೋಳು ಹೊಯ್ದುಕೊಂಡದ್ದು ಅದೇ.

ಗಾಡಿ ಮಹೀಂದ್ರಾದ ಹಳೆಯ ಜೀಪ್ ಎಫ್‌ಸಿ-150. ಒಳಗಿರುವುದು ವಿಲ್ಲಿಸ್ ಹರಿಕೇನ್ ಎಫ್-134, 2.2 ಲೀಟರ್ ಪೆಟ್ರೋಲ್ ಎಂಜಿನ್. ವಾಲ್ವ್ ಕೆಲಸ, ಟ್ಯಾಪೆಟ್, ಕಾರ್ಬೊರೇಟರ್ ಎಲ್ಲ ಮುಗಿದಿತ್ತು. ಕಂಪ್ರೆಷನ್ ನಾಲ್ಕರಲ್ಲೂ ಸಮ. ಆದರೂ ಬೆಳಗ್ಗೆ ಸ್ಟಾರ್ಟ್ ಮಾಡುವಷ್ಟರಲ್ಲಿ ಸಾಕುಬೇಕಾಗುತ್ತಿತ್ತು. ಒಮ್ಮೆ ಸೆಲ್ಫ್ ಸುಮ್ನೆ ತಿರುಗಿ ತಿರುಗಿ ಬ್ಯಾಟರಿ ಇಳಿಯುತ್ತಿತ್ತು. ಇನ್ನೊಮ್ಮೆ ಎಂಜಿನ್ ಹಿಂದಕ್ಕೆ ಒದೆಯುತ್ತಿತ್ತು. ಸ್ಪಾರ್ಕ್ ತಡವಾದರೆ ಹತ್ತುವುದಿಲ್ಲ, ಜಾಸ್ತಿ ಬೇಗ ಬಂದರೆ ಒದೆಯುತ್ತದೆ, ಸರಿ. ಆದರೆ ಒಂದೇ ಸೆಟ್ಟಿಂಗಿನಲ್ಲಿ ಎರಡೂ ಹೇಗೆ?

ಟೆಸ್ಟ್ ಲ್ಯಾಂಪ್ ಇಟ್ಟು ಟಿಡಿಸಿಗೆ (ಪಿಸ್ಟನ್ ತೀರ ಮೇಲಕ್ಕೆ ಬರುವ ಜಾಗ) 5 ಡಿಗ್ರಿ ಮೊದಲು ಅಂತ ಕೂರಿಸಿದರೆ ಲ್ಯಾಂಪ್ ಕರೆಕ್ಟಾಗಿ ಅಲ್ಲೇ ಹತ್ತುತ್ತಿತ್ತು. ಎಂಜಿನ್ ಓಡುವಾಗ ಟೈಮಿಂಗ್ ಲೈಟ್ ಹಿಡಿದರೆ ಪುಲ್ಲಿಯ ಗುರುತು ಒಂದು ಕಡೆ ನಿಲ್ಲುತ್ತಿರಲಿಲ್ಲ. ಡ್ವೆಲ್, ಅಂದರೆ ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗಿನ ಸ್ವಿಚ್, ತೆರೆದಾಗ ಸ್ಪಾರ್ಕ್ ಹಾರುತ್ತದೆ) ಮುಚ್ಚಿರುವ ಕೋನ, 42 ಡಿಗ್ರಿಯಲ್ಲಿ ಇರಬೇಕು. ಮೀಟರಿನ ಮುಳ್ಳು 36ಕ್ಕೂ 46ಕ್ಕೂ ಓಡಾಡುತ್ತಿತ್ತು. ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ಶಾಫ್ಟಿನ) ಅರ್ಧ ವೇಗದಲ್ಲಿ. ಹಾಗಾಗಿ ಅಲ್ಲಿ ಪಾಯಿಂಟ್ 1 ಡಿಗ್ರಿ ಆಚೀಚೆ ತೆರೆದರೆ ಕ್ರ್ಯಾಂಕಿನಲ್ಲಿ 2 ಡಿಗ್ರಿ ಹೋಯಿತು. ಒದೆಯದೆ ಇನ್ನೇನು ಮಾಡೀತು?

ಮೊದಲು ಅನುಮಾನ ಬಂದದ್ದು ಬೆಂಗಳೂರಿನ ಜೆ.ಸಿ. ರೋಡಿನಿಂದ ತಂದ ಪಾಯಿಂಟ್ ಸೆಟ್ ಮೇಲೆ. ‘ಒರಿಜಿನಲ್ ಸಾರ್’ ಅಂತ ಕೊಟ್ಟದ್ದು. ಶಾಫ್ಟಿನ ಕ್ಯಾಮ್ (ಪಾಯಿಂಟನ್ನು ತಳ್ಳಿ ತೆರೆಯುವ ಉಬ್ಬು) ಮೇಲೆ ಉಜ್ಜುವ ಅದರ ಹೀಲ್ ಎಷ್ಟು ಮೆತ್ತಗಿತ್ತು ಎಂದರೆ ಉಗುರಿನಲ್ಲಿ ಗೀರು ಬೀಳುತ್ತಿತ್ತು. ಹೀಲ್ ಸವೆದರೆ ಗ್ಯಾಪ್ ಮುಚ್ಚುತ್ತದೆ, ಟೈಮಿಂಗ್ ಹಿಂದೆ ಬೀಳುತ್ತದೆ. ಹಳೆಯ ಸ್ಟಾಕಿನ ಗಟ್ಟಿ ಸೆಟ್ ಹಾಕಿದೆ. ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರೂ ಬದಲಾಯಿತು. ಕುಣಿತ ಮಾತ್ರ ಹಾಗೇ ಇತ್ತು. ಆ ಮೆತ್ತಗಿನ ಸೆಟ್ಟಿನಂಥ ಮಾಲನ್ನು ಪೂರ್ತಿ ರೇಟಿಗೆ ಮಾರುವುದು ಅನ್ಯಾಯ ಅಲ್ವಾ?

ಉತ್ತರ ಸಿಕ್ಕಿದ್ದು ಬೆರಳ ತುದಿಯಲ್ಲಿ. ಸೀಟುಗಳ ನಡುವಿನ ಎಂಜಿನ್ ಕವರ್ ಎತ್ತಿ, ಕ್ಯಾಪ್ ತೆಗೆದು, ಪಾಯಿಂಟ್ ಪೂರ್ತಿ ತೆರೆದಿದ್ದಾಗ 0.5 ಎಂಎಂ ಫೀಲರ್ ಗೇಜ್ ತೂರಿಸಿದೆ. ಹದವಾಗಿ ಹಿಡಿಯಿತು. ಗೇಜ್ ಹಾಗೇ ಇಟ್ಟು ಶಾಫ್ಟಿನ ತುದಿಯನ್ನು ಹೆಬ್ಬೆರಳಿನಿಂದ ಹೀಲ್ ಕಡೆಗೆ ಒತ್ತಿದೆ. ಗೇಜ್ ಸಡಿಲಾಗಿ ಕೆಳಗೆ ಜಾರಿತು. ಮತ್ತೆ ತೂರಿಸಿ ಆಚೆಗೆ ಒತ್ತಿದರೆ ಎಳೆದರೂ ಬಾರದಷ್ಟು ಬಿಗಿ! ಶಾಫ್ಟ್ ಯಾವ ಕಡೆ ವಾಲುತ್ತದೋ ಆ ಗಳಿಗೆಯ ಟೈಮಿಂಗ್ ಅದು. ಲ್ಯಾಂಪ್ ಟೆಸ್ಟಿನಲ್ಲಿ ಶಾಫ್ಟ್ ಮೆಲ್ಲಗೆ ತಿರುಗಿ ಒಂದೇ ಕಡೆ ಒರಗಿರುತ್ತದೆ, ಅದಕ್ಕೇ ಅಲ್ಲಿ ಎಲ್ಲ ಸರಿ ಕಾಣುತ್ತಿತ್ತು.

ಲೇತ್‌ನವರು ಕಂಚಿನ ಬುಶ್ ತಿರುವಿ ಕೊಟ್ಟರು. ಒತ್ತಿ ಕೂರಿಸಿ ರೀಮರ್ ಆಡಿಸಿ, ಮುಚ್ಚಿಹೋಗಿದ್ದ ಎಣ್ಣೆ ತೂತನ್ನೂ ಬಿಡಿಸಿದೆ. ಎಣ್ಣೆ ಕಾಣದೆಯೇ ಹಳೆಯದು ಸವೆದಿತ್ತು. ಈಗ ಡ್ವೆಲ್ 42ರಲ್ಲಿ ಗಟ್ಟಿಯಾಗಿ ನಿಂತಿದೆ. ಬೆಳಗ್ಗೆ ಚೋಕ್ ಎಳೆದು ಸೆಲ್ಫ್ ಮುಟ್ಟಿದರೆ ಸಾಕು, ಎದ್ದು ಕೂರುತ್ತದೆ. ಆ ಶಬ್ದ ಕೇಳಿ ಎಷ್ಟು ಖುಷಿಯಾಯಿತೆಂದರೆ ಕಾರಣವೇ ಇಲ್ಲದೆ ಮತ್ತೆ ಆಫ್ ಮಾಡಿ ಸ್ಟಾರ್ಟ್ ಮಾಡಿದೆ.

ಇದರ ನಡುವೆ ತೋಟದ ಹಳೇ ಕಿರ್ಲೋಸ್ಕರ್ ಎವಿ1 ಪಂಪ್‌ಸೆಟ್ ಕಣ್ಣಿಗೆ ಬಿದ್ದಿದೆ. 5 ಎಚ್‌ಪಿ, 1500 ಆರ್‌ಪಿಎಂ ಡೀಸೆಲ್. ಪಾಯಿಂಟೂ ಇಲ್ಲ, ಕಂಡೆನ್ಸರೂ ಇಲ್ಲ. ಮಳೆಗಾಲಕ್ಕೆ ಮೊದಲು ಬಿಚ್ಚಲೇಬೇಕು.

ಎಫ್‌ಸಿಯಲ್ಲಿ ಇನ್ನೊಂದು ಬಾಕಿ ಇದೆ: ಬಿಸಿ ಎಂಜಿನ್ ಆಫ್ ಮಾಡಿದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಕುದಿಯುತ್ತದೆ. ಇನ್ಲೆಟ್ ಮ್ಯಾನಿಫೋಲ್ಡ್ ಹೆಡ್ಡಿನಲ್ಲೇ ಎರಕವಾಗಿರುವುದರಿಂದ ಬಿಸಿ ನೇರ ಮೇಲೇರುತ್ತದೆ. ದಪ್ಪ ಬೇಕಲೈಟ್ ಸ್ಪೇಸರ್ ಹೇಳಿಟ್ಟಿದ್ದೇನೆ. ಅಂಗಡಿಯವರ ‘ನಾಳೆ’ ಇನ್ನೂ ಬಂದಿಲ್ಲ.

ಬುಶ್ ಮಾಡಿಸುವವರು ಮೊದಲು ನಿಮ್ಮ ಶಾಫ್ಟನ್ನೇ ಮೈಕ್ರೋಮೀಟರಿನಲ್ಲಿ ಅಳೆಯಿರಿ. ಸವೆದ ಶಾಫ್ಟಿಗೆ ಪುಸ್ತಕದ ಅಳತೆಯ ಬುಶ್ ಹಾಕಿದರೆ ಪ್ಲೇ (ಅಲ್ಲಾಡುವ ಸಡಿಲು) ಅಲ್ಲೇ ಉಳಿಯುತ್ತದೆ.