ವರ್ಲ್ಡ್‌ಕಾನ್‌ಗೆ ಬರಹಗಾರರಾಗಿ ಹೊರಡುವವರಿಗೆ

2024ರ ಆಗಸ್ಟ್ 8ರಿಂದ 12ರವರೆಗೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ನಡೆದ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನದಲ್ಲಿ, ಅಂದರೆ ವರ್ಲ್ಡ್‌ಕಾನ್‌ನಲ್ಲಿ, ನಾನು ಬರಹಗಾರನಾಗಿ ಭಾಗವಹಿಸಿದ್ದೆ. ಅಲ್ಲಿಗೆ ಹೋಗಬೇಕೆಂದಿರುವ ಲೇಖಕರು ಮೊದಲು ಅರಿತಿರಬೇಕಾದದ್ದು, ಇದು ಪ್ರಕಾಶಕರ ಪುಸ್ತಕ ಮೇಳವೂ ಅಲ್ಲ, ಟಿಕೆಟ್ ಮಾರಿ ಲಾಭ ಮಾಡುವ ಉತ್ಸವವೂ ಅಲ್ಲ ಎಂಬುದನ್ನು. 1939ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಬಾರಿ ಸೇರಿ, ಯುದ್ಧದಿಂದಾಗಿ 1942ರಿಂದ 1945ರವರೆಗೆ ನಿಂತು, ಆಮೇಲೆ ಪ್ರತಿವರ್ಷ ನಡೆದುಬಂದಿರುವ ಈ ಸಮ್ಮೇಳನವನ್ನು ಇಂದಿಗೂ ಸ್ವಯಂಸೇವಕರೇ ನಡೆಸುತ್ತಾರೆ. ಅಲ್ಲಿ ಸೇರುವವರನ್ನು ಪ್ರೇಕ್ಷಕರೆಂದು ಎಣಿಸುವುದಿಲ್ಲ, ಎಲ್ಲರೂ ಸದಸ್ಯರು.

ಇದರ ಪರಿಣಾಮ ನೇರವಾಗಿ ಲೇಖಕನ ಜೇಬಿಗೆ ತಟ್ಟುತ್ತದೆ. ಗೌರವ ಅತಿಥಿಗಳನ್ನು ಬಿಟ್ಟರೆ, ವೇದಿಕೆಯ ಮೇಲೆ ಮಾತನಾಡುವವರೂ ಸಾಮಾನ್ಯವಾಗಿ ತಮ್ಮ ಸದಸ್ಯತ್ವಕ್ಕೆ ತಾವೇ ಹಣ ಕಟ್ಟಬೇಕು. ಪ್ರಯಾಣ, ವಸತಿಗಳ ವೆಚ್ಚವೂ ಅವರದೇ. ಕೇಳಲು ಕಠಿಣವೆನಿಸಿದರೂ, ಹೆಸರಾಂತ ಕಾದಂಬರಿಕಾರರೂ ಮೊದಲ ಕಥೆ ಅಚ್ಚಾದ ಹೊಸಬರೂ ಒಂದೇ ಬಗೆಯ ಬ್ಯಾಡ್ಜ್ ತೊಟ್ಟು ಒಂದೇ ಸಾಲಿನಲ್ಲಿ ನಿಲ್ಲುವ ಆ ಸಮಾನತೆಗೆ ಈ ನಿಯಮವೇ ಕಾರಣವೆಂದು ನಾನು ನಂಬುತ್ತೇನೆ. ಸಮ್ಮೇಳನದ ದಿನ ಹತ್ತಿರವಾದಂತೆ ಸದಸ್ಯತ್ವದ ದರ ಏರುತ್ತದೆ. ಆದ್ದರಿಂದ ಹೋಗುವುದು ಖಚಿತವಾದ ಕೂಡಲೇ ಕಟ್ಟಿಬಿಡುವುದು ಒಳ್ಳೆಯದು.

ಗೋಷ್ಠಿಗಳಲ್ಲಿ ಮಾತನಾಡುವ ಅವಕಾಶ ತಾನಾಗಿ ಒದಗುವುದಿಲ್ಲ. ಸಮ್ಮೇಳನಕ್ಕೆ ಹಲವು ತಿಂಗಳು ಮೊದಲೇ ಕಾರ್ಯಕ್ರಮ ಸಮಿತಿಯವರು ಆಸಕ್ತರಿಂದ ಅರ್ಜಿ ಪಡೆಯುತ್ತಾರೆ. ಆ ನಮೂನೆಯಲ್ಲಿ ಪ್ರಶಸ್ತಿ, ಪ್ರಕಟಣೆಗಳ ಪಟ್ಟಿಯನ್ನು ತುಂಬಿಸುವುದಕ್ಕಿಂತ, ನೀವು ಯಾವ ವಿಷಯವನ್ನು ಅಧಿಕಾರದಿಂದ ಮಾತನಾಡಬಲ್ಲಿರಿ ಎಂಬುದನ್ನು ಬಿಡಿಸಿ ಬರೆಯಿರಿ. ಅಂತರ್ಜಲ ತಜ್ಞರಾಗಿದ್ದು ಕಥೆ ಬರೆಯುವವರು, ನ್ಯಾಯಾಲಯದ ಕೆಲಸ ಬಲ್ಲವರು, ಮಕ್ಕಳಿಗೆ ಗಣಿತ ಕಲಿಸುವವರು ಸಮಿತಿಗೆ ಬಹಳ ಬೇಕಾದವರು. ‘ಬರವಣಿಗೆಯ ಬಗ್ಗೆ ಮಾತನಾಡುತ್ತೇನೆ’ ಎನ್ನುವವರು ಅವರ ಬಳಿ ಬೇಕಾದಷ್ಟು ಮಂದಿ ಇರುತ್ತಾರೆ.

ಹೊರದೇಶದಿಂದ ಹೋಗುವವರಿಗೆ ವೀಸಾ ದೊಡ್ಡ ಕೆಲಸ. ಬ್ರಿಟನ್ನಿನ ಸಂದರ್ಶಕ ವೀಸಾಕ್ಕೆ ಪ್ರಯಾಣಕ್ಕೆ ಮೂರು ತಿಂಗಳು ಮೊದಲಷ್ಟೇ ಅರ್ಜಿ ಹಾಕಲು ಸಾಧ್ಯ. ಆದರೆ ಅದಕ್ಕೆ ಬೇಕಾದ ಕಾಗದಪತ್ರಗಳನ್ನು ಅದಕ್ಕೂ ಮುಂಚೆಯೇ ಜೋಡಿಸಿಕೊಳ್ಳಬಹುದು. ಸದಸ್ಯತ್ವದ ರಸೀದಿ, ಗೋಷ್ಠಿಗೆ ಆಯ್ಕೆಯಾದ ಪತ್ರ, ಖರ್ಚನ್ನು ಯಾರು ಭರಿಸುತ್ತಾರೆಂಬುದರ ದಾಖಲೆ, ಹಿಂದಿರುಗಲು ಉದ್ಯೋಗದ ಅಥವಾ ಕುಟುಂಬದ ಕಾರಣಗಳಿವೆಯೆಂದು ತೋರಿಸುವ ಕಾಗದ, ಇವೆಲ್ಲ ಒಂದೆಡೆ ಇರಲಿ. ಆಹ್ವಾನ ಪತ್ರ ಬೇಕಿದ್ದರೆ ಸಂಘಟಕರನ್ನು ಬೇಗನೆ ಕೇಳಿ.

ಗ್ಲಾಸ್ಗೋದಲ್ಲಿ ಸಮ್ಮೇಳನ ಸೇರಿದ್ದು ಕ್ಲೈಡ್ ನದಿಯ ದಂಡೆಯಲ್ಲಿರುವ ಸ್ಕಾಟಿಷ್ ಈವೆಂಟ್ ಕ್ಯಾಂಪಸ್‌ನಲ್ಲಿ. ಗ್ಲಾಸ್ಗೋ ಸೆಂಟ್ರಲ್ ನಿಲ್ದಾಣದಿಂದ ಎಕ್ಸಿಬಿಷನ್ ಸೆಂಟರ್ ನಿಲ್ದಾಣಕ್ಕೆ ರೈಲಿನಲ್ಲಿ ಕೆಲವೇ ನಿಮಿಷಗಳ ದಾರಿ. ಊರಿನ ನಡುವೆ ಉಳಿದುಕೊಂಡರೂ ತೊಂದರೆಯಿಲ್ಲ; ಆದರೆ ಆಗಸ್ಟ್ ತಿಂಗಳಲ್ಲಿ ಎಡಿನ್‌ಬರೋದ ಉತ್ಸವಗಳು ನಡೆಯುವುದರಿಂದ, ಆ ಊರಿನಲ್ಲಿ ಕೋಣೆ ಹಿಡಿದು ದಿನವೂ ಓಡಾಡುವ ಯೋಚನೆ ಲಾಭದಾಯಕವಲ್ಲ. ಯಾವ ದೇಶದಲ್ಲಿ ಸಮ್ಮೇಳನ ನಡೆದರೂ, ಸಾಧ್ಯವಾದಷ್ಟು ಹತ್ತಿರ ಉಳಿಯಿರಿ ಎನ್ನುವುದು ನನ್ನ ಸಲಹೆ. ಮಧ್ಯಾಹ್ನ ಒಂದು ಗಂಟೆ ಕೋಣೆಗೆ ಹೋಗಿ ಕಣ್ಣು ಮುಚ್ಚಿ ಮಲಗಲು ಸಾಧ್ಯವಾದರೆ ಸಂಜೆಯ ಮಾತುಕತೆಗಳಿಗೆ ಮನಸ್ಸು ಉಳಿದಿರುತ್ತದೆ, ಲೇಖಕನಿಗೆ ಬೇಕಾದ ಮಾತುಕತೆಗಳು ನಡೆಯುವುದೂ ಬಹುಪಾಲು ಸಂಜೆಯೇ.

ಒಂದೇ ಹೊತ್ತಿನಲ್ಲಿ ಹತ್ತಾರು ಕಾರ್ಯಕ್ರಮಗಳು ನಡೆಯುತ್ತವೆ. ಗೋಷ್ಠಿಯಲ್ಲಿ ಸಾಮಾನ್ಯವಾಗಿ ನಾಲ್ಕೈದು ಮಂದಿ ಇರುತ್ತಾರೆ, ದೊರೆಯುವುದು ಸುಮಾರು ಒಂದು ಗಂಟೆ. ಪರಿಚಯ ಮತ್ತು ಸಭಿಕರ ಪ್ರಶ್ನೆಗಳನ್ನು ಕಳೆದರೆ ಪ್ರತಿಯೊಬ್ಬರ ಪಾಲಿಗೆ ಉಳಿಯುವುದು ಹತ್ತು ನಿಮಿಷಕ್ಕಿಂತ ಕಡಿಮೆ. ಆದ್ದರಿಂದ ಉಪನ್ಯಾಸ ಬರೆದುಕೊಂಡು ಹೋಗಬೇಡಿ. ಎರಡು ಗಟ್ಟಿ ವಿಚಾರಗಳು, ಅವಕ್ಕೆ ತಕ್ಕ ಒಂದೊಂದು ಉದಾಹರಣೆ ಸಾಕು. ನಿರ್ವಾಹಕರು ಮೊದಲೇ ಮಿಂಚಂಚೆಯಲ್ಲಿ ಕಳಿಸುವ ಪ್ರಶ್ನೆಗಳಿಗೆ ಉತ್ತರಿಸಿ, ಜೊತೆಯವರ ಒಂದು ಕಥೆಯನ್ನಾದರೂ ಓದಿಕೊಂಡು ಹೋಗಿ. ಹವಾಮಾನ ಬದಲಾವಣೆಯನ್ನು ಕಥೆಗೆ ತರುವ ಬಗ್ಗೆ ನಾನಿದ್ದ ಗೋಷ್ಠಿ ಜೀವ ತಳೆದದ್ದು, ಪಕ್ಕದಲ್ಲಿ ಕುಳಿತಿದ್ದ ಲೇಖಕಿ ನನ್ನ ಮಾತನ್ನು ಒಪ್ಪದೆ ತನ್ನ ಊರಿನ ಪ್ರವಾಹದ ಅನುಭವವನ್ನು ಎದುರಿಗಿಟ್ಟಾಗ. ಆ ಭಿನ್ನಾಭಿಪ್ರಾಯವನ್ನು ಗೌರವದಿಂದ ಬೆಳೆಸಿದ್ದರಿಂದಲೇ, ಗೋಷ್ಠಿ ಮುಗಿದ ಮೇಲೂ ಓದುಗರು ಹೊರಗಿನ ಪಡಸಾಲೆಯಲ್ಲಿ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಬಹಳ ಹೊತ್ತು ಮಾತನಾಡಿದರು.

ಇದಕ್ಕಿಂತಲೂ ಬೆಲೆಬಾಳುವುದು ಟೇಬಲ್ ಟಾಕ್. ಒಬ್ಬ ಲೇಖಕರ ಸುತ್ತ ಬೆರಳೆಣಿಕೆಯ ಓದುಗರು ಮೇಜಿನ ಬಳಿ ಕುಳಿತು ಮಾತನಾಡುವ ಈ ಸಣ್ಣ ಕೂಟಕ್ಕೆ ಮೊದಲೇ ಹೆಸರು ಕೊಡಬೇಕು, ಜಾಗಗಳು ಬೇಗ ತುಂಬುತ್ತವೆ. ಅನುವಾದಕರು, ಸಂಪಾದಕರು ನಡೆಸುವ ಕೂಟಗಳನ್ನು ಹುಡುಕಿ ಹೆಸರು ಕೊಡಿ. ಹಸ್ತಪ್ರತಿಯನ್ನು ಕೈಗಿಡುವ ಜಾಗ ಇದಲ್ಲ. ಅವರು ಏನು ಓದುತ್ತಿದ್ದಾರೆ, ಯಾವ ಬಗೆಯ ಕಥೆ ಅವರನ್ನು ತಡೆದು ನಿಲ್ಲಿಸುತ್ತದೆ ಎಂದು ಕೇಳಿದರೆ ಉತ್ತರ ಮನಸಾರೆ ಬರುತ್ತದೆ. ಪುಸ್ತಕ ಮಾರಾಟದ ನಿರೀಕ್ಷೆಯನ್ನು ಮಾತ್ರ ಹಗುರವಾಗಿಡಿ. ಮಳಿಗೆಯವರೊಂದಿಗೆ ಮುಂಚೆಯೇ ಮಾತಾಡಿಕೊಂಡಿದ್ದರೆ ಅವರು ನಿಮ್ಮ ಕೆಲವು ಪ್ರತಿಗಳನ್ನು ಇಟ್ಟುಕೊಳ್ಳಬಹುದು, ಆದರೆ ಪ್ರಯಾಣದ ಖರ್ಚು ಅದರಿಂದ ಹುಟ್ಟುವುದಿಲ್ಲ.

ವೈಜ್ಞಾನಿಕ ಕಥಾ ಕ್ಷೇತ್ರದ ಕೃತಿಗಳಿಗೆ ಈ ಸಮ್ಮೇಳನ ಕೊಡುವ, 1953ರಲ್ಲಿ ಮೊದಲು ಕೊಡಲಾದ ಹ್ಯೂಗೋ ಪ್ರಶಸ್ತಿಗೆ ಆಯ್ಕೆ ಮಾಡುವವರೂ ಇದೇ ಸದಸ್ಯರು. ಒಂದು ವರ್ಷದ ಸಮ್ಮೇಳನದ ಸದಸ್ಯರಾದವರು ಮರುವರ್ಷದ ಪ್ರಶಸ್ತಿಗೂ ನಾಮನಿರ್ದೇಶನ ಮಾಡಬಹುದು, ಪ್ರತಿ ವಿಭಾಗದಲ್ಲಿ ಐದು ಕೃತಿಗಳವರೆಗೆ. ಇಂಗ್ಲಿಷ್ ಅಲ್ಲದ ಭಾಷೆಯಲ್ಲಿ ಬರೆಯುವವರು ಗಮನಿಸಬೇಕಾದ ನಿಯಮವೊಂದಿದೆ: ಬೇರೆ ಭಾಷೆಯಲ್ಲಿ ಪ್ರಕಟವಾದ ಕೃತಿಯು ಮೊದಲ ಬಾರಿ ಇಂಗ್ಲಿಷ್ ಅನುವಾದದಲ್ಲಿ ಬಂದ ವರ್ಷದಲ್ಲಿ ಮತ್ತೆ ಅರ್ಹತೆ ಪಡೆಯುತ್ತದೆ. ಮೂಲ ಪ್ರಕಟವಾಗಿ ಬಹಳ ವರ್ಷ ಕಳೆಯಿತೆಂದು ಕೈಚೆಲ್ಲಬೇಕಾಗಿಲ್ಲ. ಇಂಥ ನಿಯಮಗಳನ್ನು ತಿದ್ದುವ ವ್ಯವಹಾರ ಸಭೆಯೂ ಸದಸ್ಯರಿಗೆ ತೆರೆದಿರುತ್ತದೆ. ಒಂದು ಬೆಳಿಗ್ಗೆಯನ್ನಾದರೂ ಅದಕ್ಕೆ ಮೀಸಲಿಡಿ.

ಸಮ್ಮೇಳನದ ಸ್ಥಳವನ್ನು ಸದಸ್ಯರು ಎರಡು ವರ್ಷ ಮುಂಚಿತವಾಗಿ ಮತ ಹಾಕಿ ನಿರ್ಧರಿಸುವುದರಿಂದ ತಯಾರಿಗೆ ಸಮಯ ಸಿಗುತ್ತದೆ. 2026ರ ಸಮ್ಮೇಳನವನ್ನು ಆಗಸ್ಟ್ 27ರಿಂದ 31ರವರೆಗೆ ಕ್ಯಾಲಿಫೋರ್ನಿಯಾದ ಅನಹೈಮ್‌ಗೆ ಗೊತ್ತುಪಡಿಸಲಾಗಿದೆ, 2027ರದನ್ನು ಕೆನಡಾದ ಮಾಂಟ್ರಿಯಲ್‌ಗೆ. ಅಮೆರಿಕದ ವೀಸಾ ಸಂದರ್ಶನದ ದಿನಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಹಾಗಾಗಿ ವೀಸಾ ಕೈಗೆ ಬರುವವರೆಗೆ ಹಣ ಹಿಂದಿರುಗಿಸುವ ಷರತ್ತಿರುವ ಕೋಣೆಯನ್ನೇ ಕಾಯ್ದಿರಿಸಿ, ಕಾರ್ಯಕ್ರಮ ಸಮಿತಿಗೂ ಆ ವಿಷಯವನ್ನು ಮೊದಲೇ ತಿಳಿಸಿ. ಕೊನೆಗೆ ಹೋಗಲಾಗದಿದ್ದರೂ, ಆ ಸಮ್ಮೇಳನದಲ್ಲಿ ಆನ್‌ಲೈನ್ ಗೋಷ್ಠಿಗಳ ಏರ್ಪಾಡಿದ್ದರೆ ನಿಮ್ಮನ್ನು ಅಲ್ಲಿಗೆ ಸೇರಿಸಿಕೊಳ್ಳಲು ಅವರಿಗೆ ಅನುಕೂಲವಾಗುತ್ತದೆ.